ಇಳಿಸೋದೇನು ಮಹಾ ಕಷ್ಟ?



2019ರ ಸೆಪ್ಟೆಂಬರ್ 7. ರಾತ್ರಿ ಒಂದೂವರೆ ದಾಟಿತ್ತು. ನಿಮ್ಮಲ್ಲಿ ಬಹಳ ಜನ ಅವತ್ತು ನಿದ್ದೆಗೆಟ್ಟು ಟಿವಿ ಮುಂದೆ ಕೂತಿದ್ರಿ. ನಾನು ಟಿವಿ ಒಳಗಡೆ ಕೂತಿದ್ದೆ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಿಂದ ನೇರಪ್ರಸಾರ. ಪರದೆ ಮೇಲೆ ಒಂದು ಕೆಂಪು ಗೆರೆ, ಅದು ವಿಕ್ರಮ್ ಲ್ಯಾಂಡರ್ ಇಳಿಯಬೇಕಾದ ದಾರಿ. ಅದರ ಮೇಲೇ ಸಾಗುತ್ತಿದ್ದ ಹಸಿರು ಗುರುತು, ಅದು ನಿಜಕ್ಕೂ ಇಳಿಯುತ್ತಿದ್ದ ದಾರಿ. ಕೊನೇ ಹಂತದಲ್ಲಿ ಹಸಿರು ಗುರುತು ಸ್ವಲ್ಪ ಪಕ್ಕಕ್ಕೆ ಸರಿಯಿತು. ಆಮೇಲೆ ನಿಂತೇಬಿಟ್ಟಿತು. 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲ ಸರಿಯಿತ್ತು, ನಂತರ ಸಂಪರ್ಕ ಕಡಿದುಹೋಯಿತು ಅಂತ ಇಸ್ರೋ ಅಧ್ಯಕ್ಷ ಕೆ. ಶಿವನ್ ಹೇಳಿದರು.

ಐದೇ ನಿಮಿಷದಲ್ಲಿ ನಮ್ಮ ಪರದೆ ಕೆಳಗೆ ದಪ್ಪ ಅಕ್ಷರದಲ್ಲಿ ಬಂತು: 'ಚಂದ್ರಯಾನ ವಿಫಲ'. ನಾನೂ ಅದನ್ನೇ ಓದಿದೆ. ಒಂದು ಸಲ ಅಲ್ಲ, ಬೆಳಗಿನ ಜಾವದವರೆಗೆ ಹತ್ತಾರು ಸಲ.

ಬೆಳಿಗ್ಗೆ ದಬ್ಬೇಘಟ್ಟದಿಂದ ಅಪ್ಪನ ಫೋನ್ ಬಂತು. ನಮ್ಮದು ತುರುವೇಕೆರೆ ತಾಲೂಕು, ತೆಂಗಿನ ಸೀಮೆ. ಅಪ್ಪ ರಾತ್ರಿಯೆಲ್ಲ ನಮ್ಮ ಚಾನೆಲ್ಲೇ ನೋಡಿದ್ದರು. "ಅಲ್ಲ ಕಣಪ್ಪ, ಅಷ್ಟು ದೂರ ಹೋಗಿದ್ದು ಆಯ್ತಲ್ಲ. ಇನ್ನು ಇಳಿಸೋದೇನು ಮಹಾ ಕಷ್ಟ?" ಅಂತ ಕೇಳಿದರು. ನಾನು ಎಂಜಿನಿಯರಿಂಗ್ ಓದಿದವನು. ಓದಿಸೋದಕ್ಕೆ ಅಪ್ಪ ಎಷ್ಟು ಲೋಡು ಕೊಬ್ಬರಿ ಮಾರಿದ್ದಾರೋ ಅವರಿಗೇ ಗೊತ್ತು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಏನೋ ಟೆಕ್ನಿಕಲ್ ಪ್ರಾಬ್ಲಂ ಅಪ್ಪ" ಅಂದೆ. ಅವರು ಮತ್ತೇನೂ ಕೇಳಲಿಲ್ಲ.

ಆ ಮಾತು ಇವತ್ತು ಯಾಕೆ ಬಂತು ಅಂದ್ರೆ, ಮೊನ್ನೆ ಊರಿಗೆ ಹೋಗಿದ್ದೆ. ಅಟ್ಟದಿಂದ ಕಾಯಿ ಇಳಿಸೋ ಕೆಲಸ ನಡೀತಿತ್ತು. ಪಕ್ಕದ ತೋಟದ ಮಾವ ತಮ್ಮ ಮಗಳನ್ನು ಕರ್ಕೊಂಡು ಬಂದರು. ಹುಡುಗಿ ಎರಡನೇ ಪಿಯುಸಿ, ಸೈನ್ಸು. "ಇವಳಿಗೆ ಇಸ್ರೋ ಸೇರ್ಬೇಕಂತೆ. ನೀನು ಓದಿದೋನು, ಟಿವೀಲಿ ಬೇರೆ ಹೇಳ್ತೀಯ. ಆ ಕೆಲ್ಸದಲ್ಲಿ ಕಷ್ಟ ಏನಿದೆ, ಉಳ್ಳದ್ದು ಉಳ್ಳಂಗೆ ಹೇಳಪ್ಪ" ಅಂದರು. ಈ ಸಲ ನಾನು ತಪ್ಪಿಸಿಕೊಳ್ಳಲಿಲ್ಲ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಮೊದಲನೇ ಕಷ್ಟ: ಒಂದು ಸಲ ಹೋದರೆ ಕೈಗೆ ಸಿಗಲ್ಲ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋದು ಹೇಗೆ? ಬಲಿತ ಕಾಯಿಯನ್ನ ಅಟ್ಟಕ್ಕೆ ಹಾಕ್ತೀವಿ. ಹತ್ತು ಹನ್ನೊಂದು ತಿಂಗಳು ಅಲ್ಲೇ ಇರುತ್ತೆ. ಒಳಗಿನ ನೀರು ಇಂಗಬೇಕು, ತಿರುಳು ಕರಟ ಬಿಡಬೇಕು. ನಡುವೆ ಒಡೆದು ನೋಡೋ ಹಾಗಿಲ್ಲ. ಒಡೆದರೆ ಆ ಕಾಯಿ ಅಲ್ಲಿಗೆ ಮುಗೀತು. ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಕಿವಿಗೆ ಕೇಳೋ ಸದ್ದಿನ ಮೇಲೆ ಅಂದಾಜು ಮಾಡ್ತೀವಿ. ಕೊನೆಗೆ ಸುಲಿದು ಒಡೆದಾಗಲೇ ಗೊತ್ತಾಗೋದು, ಒಳ್ಳೆ ಗಿಟುಕೋ, ಕೌಟೋ ಅಂತ.

ಉಪಗ್ರಹವೂ ಹಾಗೇ. ಮೇಲೆ ಹೋದ ಮೇಲೆ ಅದು ಕಳಿಸೋ ಸಂಕೇತವೇ ನಮ್ಮ ಕಿವಿಗೆ ಕೇಳೋ ಸದ್ದು. ಒಳಗೆ ಏನಾಗ್ತಿದೆ ಅನ್ನೋದನ್ನ ಅದರಿಂದಲೇ ಊಹಿಸಬೇಕು. ನೀವು ಈಗ ನೋಡ್ತಿರೋ ನನ್ನ ಮುಖ ಕೂಡ ಸುಮಾರು 36,000 ಕಿಲೋಮೀಟರ್ ಎತ್ತರದ ಒಂದು ಉಪಗ್ರಹಕ್ಕೆ ಹೋಗಿ ವಾಪಸ್ ಬಂದದ್ದು. ಅಲ್ಲಿ ಒಂದು ವಾಲ್ವ್ ಕಚ್ಚಿಕೊಂಡರೆ ಸ್ಪ್ಯಾನರ್ ಹಿಡಿದುಕೊಂಡು ಹೋಗೋರು ಯಾರೂ ಇಲ್ಲ. ಅಮೆರಿಕದ ಹಬಲ್ ದೂರದರ್ಶಕವನ್ನ 1993ರಲ್ಲಿ ಗಗನಯಾತ್ರಿಗಳೇ ಹೋಗಿ ರಿಪೇರಿ ಮಾಡಿ ಬಂದರು ನಿಜ. ಆದರೆ ಅದು ಇದ್ದದ್ದು ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲಿ.

ನಮ್ಮ ಪಕ್ಕದ ಹಾಸನದಲ್ಲೇ ಇದಕ್ಕೆ ಉದಾಹರಣೆ ಇದೆ. ಅಲ್ಲಿನ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಶುರುವಾಗಿದ್ದು 1982ರಲ್ಲಿ, ಇನ್ಸಾಟ್ ಉಪಗ್ರಹಗಳನ್ನ ನೋಡಿಕೊಳ್ಳೋದಕ್ಕೆ. ಅದೇ ವರ್ಷ ಏಪ್ರಿಲ್‌ನಲ್ಲಿ ಹಾರಿದ ಮೊದಲ ಉಪಗ್ರಹ ಇನ್ಸಾಟ್-1ಎ ಐದು ತಿಂಗಳೂ ಪೂರ್ತಿ ಬಾಳಲಿಲ್ಲ. ದಿಕ್ಕು ಸರಿಮಾಡಿಕೊಳ್ಳೋ ಇಂಧನ ಖಾಲಿಯಾಗಿ ಸೆಪ್ಟೆಂಬರ್‌ನಲ್ಲಿ ಕೈಬಿಡಬೇಕಾಯಿತು. ಹೊಸ ಮನೆ, ಮೊದಲ ಮಗು, ಅದೇ ಹೋಯಿತು. ಹಾಸನದವರು ಬಾಗಿಲು ಹಾಕಿಕೊಂಡು ಹೋಗಲಿಲ್ಲ. ಮುಂದಿನ ವರ್ಷ ಇನ್ಸಾಟ್-1ಬಿ ಬಂತು, ಅದು ನಿಂತಿತು. ಎಂಬತ್ತರ ದಶಕದಲ್ಲಿ ನಮ್ಮ ಹಳ್ಳಿಗಳ ಟಿವಿಗಳಿಗೆ ದೂರದರ್ಶನ ಬಂದಿದ್ದರಲ್ಲಿ ಅದರ ಪಾಲು ದೊಡ್ಡದು.

ಎರಡನೇ ಕಷ್ಟ: ತೂಕ.

ಇದನ್ನ ಲೆಕ್ಕದಲ್ಲೇ ಹೇಳ್ತೀನಿ. ಚಂದ್ರಯಾನ-3 ಹೊತ್ತೊಯ್ದ ಎಲ್‌ವಿಎಂ-3 ರಾಕೆಟ್ ನೆಲ ಬಿಡುವಾಗ ಇದ್ದ ತೂಕ ಸುಮಾರು 640 ಟನ್. ಅದರ ತಲೆ ಮೇಲೆ ಇದ್ದ ಚಂದ್ರಯಾನ ನೌಕೆ ಸುಮಾರು 3,900 ಕೆಜಿ. ಅದರಲ್ಲಿ ಲ್ಯಾಂಡರ್ 1,752 ಕೆಜಿ. ಆ ಲ್ಯಾಂಡರ್ ಹೊಟ್ಟೆಯೊಳಗಿದ್ದ, ಚಂದ್ರನ ಮೇಲೆ ಉರುಳಾಡಿದ ಪ್ರಜ್ಞಾನ್ ರೋವರ್ ಎಷ್ಟು ಗೊತ್ತಾ? 26 ಕೆಜಿ. ಅರ್ಧ ಚೀಲ ಕೊಬ್ಬರಿಯಷ್ಟು!

ಉಳಿದದ್ದೆಲ್ಲ ಎಲ್ಲಿ ಹೋಯಿತು? ಬಹುಪಾಲು ಇಂಧನ. ಲಾರಿಗೆ ದಾರಿಯಲ್ಲಿ ಬಂಕ್ ಇರುತ್ತೆ. ರಾಕೆಟ್‌ಗೆ ಇಲ್ಲ. ದಾರಿಗೆ ಬೇಕಾದ್ದನ್ನ ಹೊತ್ತೇ ಹೊರಡಬೇಕು. ಆ ಇಂಧನ ಹೊರೋದಕ್ಕೆ ಇನ್ನಷ್ಟು ಇಂಧನ ಬೇಕು, ಅದನ್ನ ಹೊರೋದಕ್ಕೆ ಮತ್ತಷ್ಟು. ಹಾಗಾಗಿ ನೌಕೆಯಲ್ಲಿ ಒಂದು ಬೋಲ್ಟ್ ಜಾಸ್ತಿ ಹಾಕಬೇಕು ಅಂದರೂ ಜಗಳ. ಕ್ಯಾಮೆರಾದವರು ನನಗೆ ನೂರು ಗ್ರಾಂ ಕೊಡಿ ಅಂತಾರೆ, ಕಾಲು ಮಾಡೋರು ನನಗೆ ಕೊಡಿ, ಗಟ್ಟಿ ಮಾಡ್ತೀನಿ ಅಂತಾರೆ. ಇಬ್ಬರೂ ಸರಿ. ಆದರೆ ಇಬ್ಬರಿಗೂ ಕೊಡೋ ಹಾಗಿಲ್ಲ. ನಾವು ಕಾಲೇಜಲ್ಲಿ ಓದುವಾಗ 'ಫ್ಯಾಕ್ಟರ್ ಆಫ್ ಸೇಫ್ಟಿ' ಅಂತ ಒಂದು ಪಾಠ ಇತ್ತು. ಸೇತುವೆ ಕಟ್ಟೋರು ಅನುಮಾನ ಬಂದರೆ ಕಬ್ಬಿಣ ಜಾಸ್ತಿ ಹಾಕ್ತಾರೆ. ನೌಕೆ ಕಟ್ಟೋರಿಗೆ ಆ ಧಾರಾಳ ಇಲ್ಲ.

ಮೂರನೇ ಕಷ್ಟ: ಭೂಮಿ ಮೇಲೆ ಇಲ್ಲದ ಜಾಗಕ್ಕೆ ಭೂಮಿ ಮೇಲೆ ತಾಲೀಮು.

ಚಂದ್ರನಲ್ಲಿ ಗಾಳಿ ಇಲ್ಲ. ಅಂದ್ರೆ ಪ್ಯಾರಾಶೂಟ್ ಬಿಚ್ಚಿದರೂ ಪ್ರಯೋಜನ ಇಲ್ಲ, ಎಂಜಿನ್ ಉರಿಸಿಯೇ ವೇಗ ಇಳಿಸಬೇಕು. ಎಳೆತ ನಮ್ಮ ಆರನೇ ಒಂದು ಭಾಗ. ಹಗಲು ಸುಡು ಬಿಸಿಲು, ರಾತ್ರಿ ಮೈಕೊರೆಯೋ ಚಳಿ ಅನ್ನೋ ಮಾತೇ ಸಾಲದು, ಅಷ್ಟು ಚಳಿ. ಇದನ್ನೆಲ್ಲ ಎಲ್ಲಿ ಪರೀಕ್ಷೆ ಮಾಡ್ತೀರಿ?

ಉತ್ತರ ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯಲ್ಲಿದೆ. ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ನೆಲ ಅಗೆದು ಚಂದ್ರನ ಮೇಲಿನಂಥ ಗುಳಿಗಳನ್ನ ಮಾಡಿಸಿದರು. ಅವುಗಳ ಮೇಲೆ ಲ್ಯಾಂಡರ್‌ನ ಸೆನ್ಸರ್‌ಗಳನ್ನ ಹಾರಿಸಿ, ಅವಕ್ಕೆ ಗುಳಿ ಯಾವುದು, ಸಮ ನೆಲ ಯಾವುದು ಗುರುತು ಸಿಗುತ್ತಾ ಅಂತ ನೋಡಿದರು. ಚಂದ್ರಯಾನ-3ಕ್ಕೆ ಸೆನ್ಸರ್‌ಗಳನ್ನ ಹೆಲಿಕಾಪ್ಟರ್‌ಗೆ ಕಟ್ಟಿ ಪರೀಕ್ಷೆ ಆಯಿತು, ಎಂಜಿನ್ ಸಮೇತದ ಪರೀಕ್ಷೆಗೆ ಎತ್ತರದ ಕ್ರೇನ್ ಬಳಸಿದರು. ಚಂದ್ರನ ಮಣ್ಣಿನಂಥ ಮಣ್ಣು ಬೇಕಾದಾಗ ತಮಿಳುನಾಡಿನ ಸಿತ್ತಂಪೂಂಡಿ ಕಡೆಯ ಕಲ್ಲನ್ನ ಪುಡಿ ಮಾಡಿ ಟನ್‌ಗಟ್ಟಲೆ ಬೆಂಗಳೂರಿಗೆ ತಂದರು. ಆ ಕಲ್ಲಿನ ಗುಣ ಚಂದ್ರನ ಎತ್ತರದ ಭಾಗದ ಕಲ್ಲಿಗೆ ಹತ್ತಿರ.

ನೌಕೆಯನ್ನ ಗಾಳಿ ತೆಗೆದ ದೊಡ್ಡ ಕೋಣೆಯೊಳಗಿಟ್ಟು ಕಾಯಿಸ್ತಾರೆ, ತಣ್ಣಗೆ ಮಾಡ್ತಾರೆ, ಮತ್ತೆ ಕಾಯಿಸ್ತಾರೆ. ರಾಕೆಟ್ ಅದುರೋ ಹಾಗೆ ಅದುರಿಸ್ತಾರೆ. ಇಂಥ ಪರೀಕ್ಷೆ ಶುರುವಾದರೆ ಹಗಲು ರಾತ್ರಿ ಶಿಫ್ಟ್ ಮೇಲೆ ನಡೀಬೇಕು, ನಡುವೆ ನಿಲ್ಲಿಸೋ ಹಾಗಿಲ್ಲ. ಮನೆಯಲ್ಲಿ ಹಬ್ಬ ಇರಲಿ, ಮಗುವಿಗೆ ಜ್ವರ ಇರಲಿ. "ಮದುವೆ ಮಾಡಿದ್ಮೇಲೂ ನೈಟ್ ಡ್ಯೂಟಿನಾ?" ಅಂತ ಮಾವ ಕೇಳಿದರು. "ಹೌದು ಮಾವ, ಗಂಡಸರಿಗೂ, ಹೆಂಗಸರಿಗೂ" ಅಂದೆ. ಚಂದ್ರಯಾನ-3ರ ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ಸಹ ನಿರ್ದೇಶಕಿ ನಮ್ಮ ಬೆಂಗಳೂರಿನ ಉಪಗ್ರಹ ಕೇಂದ್ರದ ಕೆ. ಕಲ್ಪನಾ ಅಂತ ಹೇಳಿದೆ. ಹುಡುಗಿ ಅಪ್ಪನ ಮುಖ ನೋಡಿದಳು.

ನಾಲ್ಕನೇ ಕಷ್ಟ: ಕೊನೇ ಗಳಿಗೆಯಲ್ಲಿ ಮನುಷ್ಯನ ಕೈ ಇಲ್ಲ.

ಇಲ್ಲಿಗೆ ಅಪ್ಪನ ಪ್ರಶ್ನೆಗೆ ಬಂದೆವು ನೋಡಿ. ಇಳಿಸೋದೇನು ಮಹಾ ಕಷ್ಟ?

ಇಳಿಯೋಕೆ ಶುರುಮಾಡೋವಾಗ ಲ್ಯಾಂಡರ್ ಚಂದ್ರನ ನೆಲದಿಂದ 30 ಕಿಲೋಮೀಟರ್ ಮೇಲಿರುತ್ತೆ. ಅಡ್ಡಕ್ಕೆ ಹೋಗ್ತಿರೋ ವೇಗ ಸೆಕೆಂಡಿಗೆ ಸುಮಾರು 1.68 ಕಿಲೋಮೀಟರ್. ದಬ್ಬೇಘಟ್ಟದಿಂದ ಹೊರಟರೆ ಒಂದು ನಿಮಿಷದೊಳಗೆ ತುಮಕೂರು ದಾಟೋ ವೇಗ. ಇಪ್ಪತ್ತು ನಿಮಿಷದೊಳಗೆ ಅದನ್ನ ಸೊನ್ನೆಗೆ ಇಳಿಸಬೇಕು, ಮಲಗಿದ ಭಂಗಿಯಿಂದ ನೆಟ್ಟಗೆ ನಿಲ್ಲಿಸಬೇಕು, ಗುಳಿ ಇಲ್ಲದ ಜಾಗ ಹುಡುಕಬೇಕು. ಪೀಣ್ಯದಿಂದ ಯಾರಾದರೂ ಸ್ಟೀರಿಂಗ್ ತಿರುಗಿಸಬಹುದಾ? ಆಗಲ್ಲ. ಚಂದ್ರ ಇರೋದು ಸುಮಾರು 3.84 ಲಕ್ಷ ಕಿಲೋಮೀಟರ್ ದೂರ. ರೇಡಿಯೋ ಸಂಕೇತ ಬರೋಕೆ ಒಂದೂಕಾಲು ಸೆಕೆಂಡು, ನಮ್ಮ ಉತ್ತರ ಹೋಗೋಕೆ ಇನ್ನೊಂದು ಒಂದೂಕಾಲು. ಅಷ್ಟರಲ್ಲಿ ಅದು ನಾಲ್ಕು ಕಿಲೋಮೀಟರ್ ಮುಂದೆ ಹೋಗಿರುತ್ತೆ. ಆದ್ದರಿಂದ ಎಲ್ಲ ನಿರ್ಧಾರವನ್ನೂ ಅದರೊಳಗಿನ ಕಂಪ್ಯೂಟರೇ ತಗೋಬೇಕು. ಏನೇನು ತಪ್ಪಾಗಬಹುದು ಅನ್ನೋದನ್ನ ವರ್ಷಗಟ್ಟಲೆ ಮೊದಲೇ ಯೋಚಿಸಿ ಅದಕ್ಕೆ ಕಲಿಸಿರಬೇಕು.

2019ರಲ್ಲಿ ಆಗಿದ್ದೇನು? ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಬಿಚ್ಚಿ ಹೇಳಿದರು. ವೇಗ ಇಳಿಸೋ ಐದು ಎಂಜಿನ್‌ಗಳು ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಒತ್ತಡ ಕೊಟ್ಟವು. ಆ ಹೊತ್ತಿನಲ್ಲಿ ಲ್ಯಾಂಡರ್ ಅಲುಗಾಡದೆ ಫೋಟೋ ತೆಗೀಬೇಕಾಗಿತ್ತು, ಹಾಗಾಗಿ ತಪ್ಪನ್ನ ಆಗಲೇ ತಿದ್ದಿಕೊಳ್ಳಲಿಲ್ಲ, ಅದು ಕೂಡುತ್ತಾ ಹೋಯಿತು. ಆಮೇಲೆ ತಿದ್ದಿಕೊಳ್ಳೋಕೆ ಹೋದಾಗ ಬೇಗ ಬೇಗ ತಿರುಗಬೇಕಾಯಿತು, ಆದರೆ ಇಷ್ಟಕ್ಕಿಂತ ವೇಗವಾಗಿ ತಿರುಗಬೇಡ ಅಂತ ಸಾಫ್ಟ್‌ವೇರ್‌ನಲ್ಲಿ ಮಿತಿ ಇತ್ತು. ಇಳಿಯೋಕೆ ಗೊತ್ತುಮಾಡಿದ ಜಾಗವೋ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ಅಲ್ಲಿಗೇ ಹೋಗಬೇಕು ಅಂತ ಅದು ವೇಗ ಹೆಚ್ಚಿಸಿಕೊಂಡಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಸ್ಸಿನ ಬ್ರೇಕು ಸ್ಟಾಪಿಗೆ ಮುಂಚೆಯೇ ಜೋರಾಗಿ ಹಿಡಿಯಿತು. ಡ್ರೈವರ್ ಸ್ಟಾಪಿನಲ್ಲೇ ನಿಲ್ಲಿಸ್ತೀನಿ ಅಂತ ಹಟ ಹಿಡಿದು ಆಕ್ಸಿಲರೇಟರ್ ತುಳಿದ. ಮುಂದೆ ಜಾಗ ಇರಲಿಲ್ಲ.

ಗಮನಿಸಿ, ಇದರಲ್ಲಿ ಒಂದು ಭಾಗವೂ ಮುರಿದಿಲ್ಲ. ಎಂಜಿನ್ ಉರಿಯಿತು, ಕ್ಯಾಮೆರಾ ನೋಡಿತು, ಕಂಪ್ಯೂಟರ್ ಹೇಳಿಕೊಟ್ಟ ಹಾಗೇ ಮಾಡಿತು. ಬಿಡಿಬಿಡಿಯಾಗಿ ಸರಿ ಇದ್ದ ಮೂರು ನಾಲ್ಕು ವಿಷಯ ಸೇರಿ ಕೆಡಿಸಿತು. ಇಂಥದ್ದನ್ನ ಮೊದಲೇ ಕಾಣೋದು ಈ ಕೆಲಸದಲ್ಲೇ ಬಹಳ ಕಷ್ಟದ್ದು.

ಇದು ನಮಗೆ ಮಾತ್ರ ಅಲ್ಲ. 2019ರ ಏಪ್ರಿಲ್‌ನಲ್ಲಿ ಇಸ್ರೇಲಿನ ಬೆರೆಶೀಟ್ ಚಂದ್ರನಿಗೆ ಅಪ್ಪಳಿಸಿತ್ತು. 2023ರಲ್ಲಿ ನಮ್ಮ ವಿಕ್ರಮ್ ಇಳಿಯೋದಕ್ಕೆ ನಾಲ್ಕು ದಿನ ಮುಂಚೆ ರಷ್ಯಾದ ಲೂನಾ-25 ಕೂಡ ಅಪ್ಪಳಿಸಿತು. 1966ರಲ್ಲೇ ಚಂದ್ರನ ಮೇಲೆ ಮೆಲ್ಲಗೆ ಇಳಿದಿದ್ದ ದೇಶ ಅದು!

ಐದನೇ ಕಷ್ಟ: 'ನಿಲ್ಲಿಸಿ' ಅನ್ನೋದು.

2019ರ ಜುಲೈ 15ರ ರಾತ್ರಿ ನೆನಪಿದೆಯಾ? ಚಂದ್ರಯಾನ-2 ಹೊರಡಬೇಕಿದ್ದದ್ದು ಅವತ್ತೇ. ರಾಷ್ಟ್ರಪತಿ ರಾಮನಾಥ್ ಕೋವಿಂದ್ ಅವರೇ ಶ್ರೀಹರಿಕೋಟಾಕ್ಕೆ ಬಂದಿದ್ದರು. ಹಾರೋಕೆ 56 ನಿಮಿಷ 24 ಸೆಕೆಂಡ್ ಇರುವಾಗ ಎಣಿಕೆ ನಿಂತಿತು, ತಾಂತ್ರಿಕ ತೊಂದರೆ. ದೇಶವೆಲ್ಲ ನೋಡ್ತಾ ಇದೆ, ರಾಷ್ಟ್ರಪತಿ ಕಾಯ್ತಿದ್ದಾರೆ, ಆಗ ಬೇಡ ಅನ್ನೋಕೆ ಎಷ್ಟು ಗಟ್ಟಿ ಎದೆ ಬೇಕು ಯೋಚನೆ ಮಾಡಿ. ಒಂದು ವಾರದೊಳಗೆ ಸರಿಮಾಡಿ ಜುಲೈ 22ಕ್ಕೆ ಹಾರಿಸಿದರು.

2013ರ ಆಗಸ್ಟ್ 19ರಂದೂ ಹೀಗೇ ಆಗಿತ್ತು. ಜಿಎಸ್‌ಎಲ್‌ವಿ-ಡಿ5 ಹಾರೋಕೆ ಸುಮಾರು ಮುಕ್ಕಾಲು ಗಂಟೆಯಲ್ಲ, ಒಂದೂಕಾಲು ಗಂಟೆ ಇರುವಾಗ ಇಂಧನ ಸೋರೋದು ಕಂಡು ನಿಲ್ಲಿಸಿದರು. ಅದರಲ್ಲಿದ್ದದ್ದು ನಮ್ಮದೇ ಕ್ರಯೋಜೆನಿಕ್ ಎಂಜಿನ್. ಮೈನಸ್ 253 ಡಿಗ್ರಿಯಲ್ಲಿ ದ್ರವವಾಗಿರೋ ಹೈಡ್ರೋಜನ್, ಮೈನಸ್ 183 ಡಿಗ್ರಿಯ ಆಮ್ಲಜನಕ ಎರಡನ್ನೂ ಸೇರಿಸಿ ಉರಿಸೋ ಎಂಜಿನ್. 2010ರಲ್ಲಿ ಅದರ ಮೊದಲ ಹಾರಾಟ ಸೋತಿತ್ತು. ಇನ್ನೊಂದು ಸೋಲು ಯಾರಿಗೂ ಬೇಕಿರಲಿಲ್ಲ, ಮುಂದೂಡೋದೂ ಯಾರಿಗೂ ಇಷ್ಟ ಇರಲಿಲ್ಲ. ಆದರೂ ನಿಲ್ಲಿಸಿದರು. 2014ರ ಜನವರಿ 5ರಂದು ಅದು ಗೆದ್ದಿತು. ನಮ್ಮ ವೃತ್ತಿಯಲ್ಲಿ ಸುದ್ದಿ ಖಚಿತವಾಗೋವರೆಗೆ ನಿಲ್ಲಿಸಿ ಅಂದವನು ಹಿಂದೆ ಬೀಳ್ತಾನೆ. ಅವರ ವೃತ್ತಿಯಲ್ಲಿ ನಿಲ್ಲಿಸಿ ಅನ್ನದೇ ಇದ್ದವನು ಎಲ್ಲರನ್ನೂ ಕೆಡಿಸ್ತಾನೆ.

ಆರನೇ ಕಷ್ಟ: ಸೋತ ಮಾರನೇ ದಿನ.

2022ರ ಆಗಸ್ಟ್ 7ರಂದು ಎಸ್‌ಎಸ್‌ಎಲ್‌ವಿ ಅನ್ನೋ ಹೊಸ ಪುಟ್ಟ ರಾಕೆಟ್ ಮೊದಲ ಸಲ ಹಾರಿತು. ಅದರಲ್ಲಿ ದೇಶದ ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳು ಸೇರಿ ಮಾಡಿದ ಆಜಾದಿಸ್ಯಾಟ್ ಉಪಗ್ರಹ ಇತ್ತು. ಎರಡನೇ ಹಂತ ಕಳಚಿಕೊಳ್ಳುವಾಗ ಬರೀ ಎರಡು ಸೆಕೆಂಡಿನಷ್ಟು ಹೊತ್ತು ವೇಗೋತ್ಕರ್ಷಮಾಪಕಗಳು ಲೆಕ್ಕಕ್ಕಿಂತ ಜಾಸ್ತಿ ಅದುರಿದವು. ಸೆನ್ಸರ್‌ಗಳೇ ಕೆಟ್ಟಿವೆ ಅಂತ ಕಂಪ್ಯೂಟರ್ ತಿಳ್ಕೊಂಡಿತು. ಉಪಗ್ರಹಗಳು ತಪ್ಪು ಕಕ್ಷೆಗೆ ಹೋಗಿ ಬಿದ್ದುಹೋದವು. ಆ ಹುಡುಗಿಯರ ಮುಖ ನೆನೆಸಿಕೊಳ್ಳಿ. ಇಸ್ರೋ ಕಾರಣವನ್ನ ಹುಡುಕಿ, ಬರೆದು, ಎಲ್ಲರ ಮುಂದೆ ಇಟ್ಟಿತು. ಆರು ತಿಂಗಳ ಮೇಲೆ, 2023ರ ಫೆಬ್ರವರಿ 10ರಂದು ಅದೇ ರಾಕೆಟ್ ಮತ್ತೆ ಹೊರಟಿತು. ಅದರಲ್ಲಿ ಆ ಮಕ್ಕಳ ಎರಡನೇ ಉಪಗ್ರಹ ಇತ್ತು. ಈ ಸಲ ಕಕ್ಷೆ ಸೇರಿತು.

ಚಂದ್ರಯಾನ-2ರದ್ದೂ ಹಾಗೇ ಆಯಿತು. ಏನೇನು ಕೆಡಬಹುದು ಅನ್ನೋದನ್ನ ಪಟ್ಟಿ ಮಾಡಿ, ಅದು ಕೆಟ್ಟರೂ ಇಳಿಯೋ ಹಾಗೆ ಚಂದ್ರಯಾನ-3 ಕಟ್ಟಿದರು. ಐದು ಎಂಜಿನ್ ಜಾಗಕ್ಕೆ ನಾಲ್ಕು. ಕಾಲು ಇನ್ನೂ ಗಟ್ಟಿ. ಇಂಧನ ಜಾಸ್ತಿ. ವೇಗ ಅಳೆಯೋಕೆ ಹೊಸ ಲೇಸರ್ ಉಪಕರಣ. ಇಳಿಯೋ ಜಾಗ 500 ಮೀಟರ್ ಚೌಕದಿಂದ ಸುಮಾರು 4 ಕಿಲೋಮೀಟರ್ ಉದ್ದ, 2.5 ಕಿಲೋಮೀಟರ್ ಅಗಲ. 2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ವಿಕ್ರಮ್ ಇಳಿಯಿತು. ಅವತ್ತೂ ನಾನು ಸ್ಟುಡಿಯೋದಲ್ಲಿದ್ದೆ, ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಮಾವ ಸುಮ್ಮನೆ ಕೂತಿದ್ದರು. ಹುಡುಗಿ ಕೇಳಿದಳು. "ಅಣ್ಣ, ಚಂದ್ರಯಾನ-2ರ ಆರ್ಬಿಟರ್ ಈಗಲೂ ಕೆಲಸ ಮಾಡ್ತಿದೆ ಅಲ್ವಾ?"

ಹೌದು ಅಂದೆ. ಲ್ಯಾಂಡರ್ ಹೋಯಿತು, ಆದರೆ ಎಂಟು ಉಪಕರಣ ಹೊತ್ತ ಆರ್ಬಿಟರ್ ಚಂದ್ರನ ಸುತ್ತ ಸುತ್ತುತ್ತಲೇ ಉಳಿಯಿತು. ಒಂದು ವರ್ಷ ಬಾಳಲಿ ಅಂತ ಮಾಡಿದ್ದು, ವರ್ಷಗಳೇ ಬಾಳಿತು. ಅದು ತೆಗೆದ ಚಿತ್ರಗಳನ್ನ ನೋಡಿಯೇ ಚಂದ್ರಯಾನ-3ಕ್ಕೆ ಜಾಗ ಆರಿಸಿದ್ದು. ಹೊಸ ಲ್ಯಾಂಡರ್ ಹತ್ತಿರ ಬಂದಾಗ ಅದರ ಜೊತೆ ಸಂಪರ್ಕ ಸಾಧಿಸಿ ಬರಮಾಡಿಕೊಂಡದ್ದೂ ಇದೇ ಹಳೇ ಆರ್ಬಿಟರ್.

"ಮತ್ತೆ ನೀವು ಅವತ್ತು ಚಂದ್ರಯಾನ ವಿಫಲ ಅಂದ್ರಲ್ಲ. ಆಮೇಲೆ ತಿದ್ದಿ ಹೇಳಿದ್ರಾ ಅಣ್ಣ?"

ಅಟ್ಟದ ಮೇಲಿಂದ ಕಾಯಿ ಬೀಳೋ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ನಾನು ತಿದ್ದಿ ಹೇಳಿರಲಿಲ್ಲ. ಅಂಥದ್ದೊಂದು ಮಾಡಬೇಕು ಅಂತ ಹೊಳೆದೇ ಇರಲಿಲ್ಲ. ಗೆದ್ದ ದಿನ ಕೂಗಿದೆ, ಅಷ್ಟೇ.

ವೀಕ್ಷಕರೇ, ಈ ಕೆಲಸದ ದೊಡ್ಡ ಕಷ್ಟ ಯಾವುದು ಅಂತ ಆ ಹುಡುಗಿ ನನಗೇ ಹೇಳಿಕೊಟ್ಟ ಹಾಗಾಯಿತು. ಗಣಿತ ಕಷ್ಟ, ಓದಬಹುದು. ನಿದ್ದೆ ಕೆಡೋದು ಕಷ್ಟ, ರೂಢಿಯಾಗುತ್ತೆ. ನಾನು ಮಾಡಿದ ಲೆಕ್ಕ ತಪ್ಪಾಯಿತು ಅಂತ ಎಲ್ಲರ ಮುಂದೆ ಒಪ್ಪಿಕೊಂಡು, ಎಲ್ಲಿ ತಪ್ಪಿತು ಅಂತ ಬರೆದಿಟ್ಟು, ಮಾರನೇ ದಿನ ಅದೇ ಮೇಜಿಗೆ ಬಂದು ಕೂರೋದಿದೆಯಲ್ಲ, ಅದು ಎಲ್ಲರ ಕೈಲೂ ಆಗಲ್ಲ. ಅದನ್ನ ಮಾಡಿದವರ ಮೇಲೆ ನಾನು ಐದು ನಿಮಿಷದಲ್ಲಿ ತೀರ್ಪು ಕೊಟ್ಟಿದ್ದೆ.

ಹಾಗಾಗಿ ತಡವಾಗಿಯಾದರೂ ಹೇಳ್ತಿದ್ದೀನಿ. 2019ರ ಸೆಪ್ಟೆಂಬರ್ 7ರಂದು ನಾನು ಓದಿದ ಸುದ್ದಿ ತಪ್ಪು. ವಿಫಲವಾಗಿದ್ದು ಲ್ಯಾಂಡರ್ ಇಳಿಸೋ ಪ್ರಯತ್ನ, ಚಂದ್ರಯಾನ-2 ಅಲ್ಲ. ತಪ್ಪಾಯಿತು.

ಅಪ್ಪನಿಗೂ ಅವತ್ತೇ ರಾತ್ರಿ ಊಟಕ್ಕೆ ಕೂತಾಗ ಉತ್ತರ ಹೇಳಿದೆ, ಬಸ್ಸಿನ ಬ್ರೇಕಿನ ಕಥೆ ಸಮೇತ. "ಇದನ್ನ ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲೋ" ಅಂದರು. ಹುಡುಗಿಯ ಅಪ್ಪ ಬೆಳಿಗ್ಗೆ ಮತ್ತೆ ಬಂದರು. ಪರೀಕ್ಷೆಗೆ ಕೋಚಿಂಗ್ ತುಮಕೂರಲ್ಲಿ ಒಳ್ಳೇದಿದೆಯೋ, ಬೆಂಗಳೂರಿಗೇ ಕಳಿಸಬೇಕೋ ಅಂತ ಕೇಳೋಕೆ.